ಸಾಲಿನಲ್ಲಿ ಉಳಿದ ಜಾಗ

ಬುಕೋಬಾ
2 ಡಿಸೆಂಬರ್ 1990

ಮುದ್ದು ಕೆಮಿಲೆಂಬೆ,

ಅಮ್ಮನ ಪ್ರೀತಿಯ ಜೊತೆಗೆ ಈ ಸಲ ಒಂದು ಫೋಟೋ ಕೂಡ ಇದೆ. ಪತ್ರ ಓದಿ ಮುಗಿಸಿದ ಮೇಲೆ ಅದನ್ನು ನೋಡು ಎಂದು ಬರೆಯಬಹುದಿತ್ತು, ಆದರೆ ನೀನು ಕೇಳುವವಳಲ್ಲ, ಆಗಲೇ ನೋಡಿರುತ್ತೀಯ. ಹೌದು, ಅದನ್ನು ತೆಗೆದವಳು ನಾನೇ. ನಂಬಿಕೆ ಬಾರದಿದ್ದರೆ ನಿನ್ನ ಅಪ್ಪನನ್ನು ಕೇಳು.

ನೀನು ಮೊರೊಗೊರೊದ ಕಾಲೇಜಿಗೆ ಹೊರಟಾಗ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ಸುಮ್ನೆ ಒತ್ತಮ್ಮ, ಅಷ್ಟೇ" ಎಂದೆಯಲ್ಲ, ಆ ಮಾತನ್ನು ನಂಬಿ ಕೆಟ್ಟೆ. ಮೊದಲ ರೀಲಿನಲ್ಲಿ ನಿನ್ನ ಅಪ್ಪನಿಗೆ ತಲೆಯೇ ಇರಲಿಲ್ಲ. ಎರಡನೆಯದರಲ್ಲಿ ತಲೆ ಇತ್ತು, ಅದರ ಮೇಲೆ ನನ್ನ ಹೆಬ್ಬೆರಳೂ ಇತ್ತು. "ಇಪ್ಪತ್ತೆರಡು ವರ್ಷದಿಂದ ನನ್ನ ತಲೆ ಮೇಲೆ ಕೂತಿದೀಯ ಅಂತ ಹೇಳ್ತಾನೇ ಇದ್ದೆ, ಈಗ ಸಾಕ್ಷಿ ಸಿಕ್ತು" ಎಂದು ಅವರು ಆ ಫೋಟೋವನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದರು.

ಮಾರುಕಟ್ಟೆಯ ಹಿಂದೆ ಸ್ಟುಡಿಯೋ ಇಟ್ಟಿರುವ ಸ್ವಾಲೆಹ್ ನಿನಗೆ ಗೊತ್ತಲ್ಲ. ರೀಲು ತೊಳೆಸಲು ಅವನ ಹತ್ತಿರವೇ ಹೋಗುತ್ತಿದ್ದೆ. ಮೂರನೆಯ ಸಲ ಅವನಿಗೇ ತಡೆಯಲಾಗಲಿಲ್ಲ. "ಅಕ್ಕಾ, ನಡು ಮಧ್ಯಾಹ್ನ ಯಾರನ್ನೂ ಬಿಸಿಲಿಗೆ ನಿಲ್ಲಿಸ್ಬೇಡಿ, ಎಲ್ರೂ ಹುಣಸೆಹಣ್ಣು ತಿಂದವರ ಥರಾ ಕಾಣ್ತಾರೆ. ಇನ್ನೂ ಹತ್ರ ಹೋಗಿ. ಜನಾನ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲಿಸ್ಬೇಡಿ" ಎಂದ. ಹಾಗಾದರೆ ಯಾವಾಗ ಒತ್ತಬೇಕು ಎಂದು ಕೇಳಿದೆ. "ಆಸ್ಪತ್ರೇಲಿ ಮಗೂಗೆ ಸೂಜಿ ಚುಚ್ಚೋಕೆ ಅದು ಬೇರೆ ಕಡೆ ನೋಡೋವರೆಗೂ ಕಾಯ್ತೀರಲ್ಲ? ಹಾಗೇ ಕಾಯಿರಿ" ಎಂದ. ಹತ್ತೊಂಬತ್ತು ವರ್ಷ ನರ್ಸ್ ಆಗಿರುವ ನನಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು. ಅಂದಿನಿಂದ ಕಾಯುವುದನ್ನು ಕಲಿತೆ. ಬಾಳೆಕಾಯಿ ಹೆರೆಯುವ ಪಕ್ಕದ ಮನೆಯವಳು, ಸೈಕಲ್ಲಿನ ಚೈನು ಹಾಕುವ ನಿನ್ನ ಅಪ್ಪ, ಬಾಗಿಲಲ್ಲಿ ಕೂತು ಕಾಫಿ ಬೀಜ ಅಗಿಯುವ ನಿನ್ನ ಅಜ್ಜ. ನಿಧಾನವಾಗಿ ಎಲ್ಲರಿಗೂ ತಲೆ ಬಂತು, ಕೆಲವರಿಗೆ ಮುಖವೂ ಬಂತು.

ಅಕ್ಟೋಬರ್ 28ಕ್ಕೆ ಅಜ್ಜನಿಗೆ ಎಪ್ಪತ್ತೈದು ತುಂಬಿತು ಎಂದು ಬರೆದಿದ್ದೆ. ಫೋಟೋ ಹಾಳಾಯಿತು ಎಂದೂ ಬರೆದಿದ್ದೆ. ಅದು ಸುಳ್ಳು. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಆ ದಿನ ಅಂಗಳದಲ್ಲಿ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಾವು ಮಕ್ಕಳು ನಿಂತೆವು. ಆ ಒಂದನ್ನು ಒತ್ತಿಕೊಡಲು ನಿನ್ನ ಅಪ್ಪನಿಗೆ ಹೇಳಿದ್ದೆ. ಚಿಕ್ಕಂದಿನಿಂದ ನಿಂತ ರೂಢಿ, ವಯಸ್ಸಿನ ಪ್ರಕಾರ ನಿಂತೆವು: ನಿನ್ನ ದೊಡ್ಡ ಮಾವ, ದೊಡ್ಡಮ್ಮ, ಆಮೇಲೆ ನಾನು, ಚಿಕ್ಕಮ್ಮ. ಅಜ್ಜ ತಿರುಗಿ ನೋಡಿ, "ಏನದು ಮಧ್ಯೆ ಜಾಗ? ಒತ್ತಿಕೊಂಡು ನಿಲ್ರೋ" ಎಂದರು. ಯಾರೂ ಅಲುಗಲಿಲ್ಲ. ಬೇಕೆಂದು ಅಲ್ಲ ಕೆಮಿಲೆಂಬೆ, ಕಾಲು ಬರಲಿಲ್ಲ. ದೊಡ್ಡಮ್ಮನಿಗೂ ನನಗೂ ನಡುವಿನದು ಕೈಜಾಗೆ ಮಾವನ ಜಾಗ.

ಅವನು ಮೇಷ್ಟ್ರ ಕೆಲಸ ಬಿಟ್ಟು ಸರೋವರದಾಚೆ ಮ್ವಾನ್ಜಾದಲ್ಲಿ ಕ್ಷೌರದಂಗಡಿ ತೆರೆದು ನಾಲ್ಕು ವರ್ಷವಾಯಿತು. ನಿನ್ನ ಅಜ್ಜ ಹುಟ್ಟಾ ಹೆಡ್ ಮೇಷ್ಟ್ರು. "ಸೀಮೆಸುಣ್ಣ ಹಿಡಿಯೋ ಕೈಲಿ ಕತ್ತರಿ ಹಿಡಿತೀಯಾ? ಹಿಡಿ. ಆದ್ರೆ ಆ ಕತ್ತರಿ ತಗೊಂಡು ನನ್ನ ಅಂಗಳಕ್ಕೆ ಬರಬೇಡ" ಎಂದವರು ಮತ್ತೆ ಅವನ ಹೆಸರೆತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ಬಾ ಎಂದು ನಾನು ಬರೆದಿದ್ದೆ. ಅಪ್ಪ ಕರೆದರೆ ಬರುತ್ತೇನೆ ಎಂದು ಉತ್ತರ ಬಂತು. ಅಪ್ಪ ಕರೆಯಲಿಲ್ಲ.

ಸ್ವಾಲೆಹ್ ಪ್ರಿಂಟ್ ಕೊಟ್ಟಾಗ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಸ್ಪಷ್ಟವಾಗಿತ್ತು, ಬೆಳಕು ಚೆನ್ನಾಗಿತ್ತು, ನಮ್ಮ ನಡುವಿನ ಆ ಖಾಲಿಯೂ ಅಷ್ಟೇ ಸ್ಪಷ್ಟವಾಗಿತ್ತು. ಹಿಂದಿನ ಬಾಳೆಗಿಡ ಮಾತ್ರ ಕಾಣುತ್ತಿತ್ತು. ಇದನ್ನು ಚೌಕಟ್ಟು ಹಾಕಿಸಿ ಅಜ್ಜನ ಮನೆಯ ಗೋಡೆಗೆ ಹೇಗೆ ನೇತುಹಾಕುವುದು? ಸ್ವಾಲೆಹ್‌ನಿಂದ ಆಣೆ ಮಾಡಿಸಿಕೊಂಡು, ಮನೆಗೆ ಬಂದು, ರೀಲಿಗೆ ಬೆಳಕು ಹೊಕ್ಕು ಎಲ್ಲ ಹಾಳಾಯಿತು ಎಂದುಬಿಟ್ಟೆ. ಯಾರಿಗೂ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಸ್ವಲ್ಪ ಬೇಜಾರು. ನಿನ್ನ ಅಪ್ಪನಂತೂ, "ಈ ಸಲ ಎಲ್ರ ತಲೇನೂ ಒಟ್ಟಿಗೆ ತೆಗೆದ್ಲು" ಎಂದು ನಕ್ಕರು.

ಅಜ್ಜ ಮಾತ್ರ ನಗಲಿಲ್ಲ. ನಾಲ್ಕು ದಿನ ಕಳೆಯಿತು. ಐದನೆಯ ದಿನ ನನ್ನನ್ನು ಕರೆದು, "ಇನ್ನೊಂದು ಸಲ ಊಟ ಮಾಡಿಸೋಣ. ಫೋಟೋ ಇಲ್ಲದೆ ಎಪ್ಪತ್ತೈದು ಆಯ್ತು ಅಂದ್ರೆ ಯಾರು ನಂಬ್ತಾರೆ?" ಎಂದರು. ಆಮೇಲೆ ಒಂದು ಕಾರ್ಡು ಕೊಟ್ಟು ಅಂಚೆಗೆ ಹಾಕು ಎಂದರು. ಓದಿದೆ, ನೀನೂ ಓದುತ್ತಿದ್ದೆ. "ಕೈಜಾಗೆಗೆ: ನವೆಂಬರ್ 25, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ತಪ್ಪದೆ ಹಾಜರಿರತಕ್ಕದ್ದು." ಇಷ್ಟೇ. ಕೆಳಗೆ ರುಜು.

ಮಾವ ಬೆಳಗಿನ ಹಡಗಿನಲ್ಲಿ ಬಂದಿಳಿದ. ಒಂಬತ್ತಕ್ಕೇ ಬಂದವನು ಬಾಳೆಗಿಡಗಳ ಆಚೆ ಕೈಗಡಿಯಾರ ನೋಡುತ್ತಾ ನಿಂತಿದ್ದ. ಅಜ್ಜ ಬಾಗಿಲಿಂದಲೇ ಕೂಗಿದರು: "ಬೆಲ್ ಹೊಡೆಯೋವರೆಗೂ ಹೊರಗೇ ನಿಂತಿರ್ತೀಯೇನೋ? ಒಳಗೆ ಬಾ, ಚಹಾ ಆರತ್ತೆ!" ಅವನು ಬಂದು ಅವರ ಮುಂದೆ ಮಂಡಿಯೂರಿ ನಮಸ್ಕರಿಸಿದ. ಅಜ್ಜ ಹಡಗಿನ ಬಗ್ಗೆ ಕೇಳಿದರು, ಅವನು ಹಡಗಿನ ಬಗ್ಗೆ ಹೇಳಿದ. ದೊಡ್ಡಮ್ಮ ಹುರಿದ ಸೆನೆನೆ ಮಿಡತೆಯ ತಟ್ಟೆ ತಂದಳು. ಇಬ್ಬರೂ ಅದನ್ನು ತಿಂದರು. ಮತ್ತೆ ಹಡಗು.

ನಾನು ಎಲ್ಲರನ್ನೂ ನಿಲ್ಲಿಸಿ ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಹತ್ತಿರ ಹೋಗಿ ನೋಡುವ ಚಟ ಈಗ. ಅಜ್ಜನ ಗಡ್ಡ ಎಡಗಡೆ ಉದ್ದ, ಬಲಗಡೆ ಮೋಟು.

"ಅಪ್ಪ, ನಿಮ್ಮ ಗಡ್ಡ ಸೊಟ್ಟಗಿದೆ" ಎಂದೆ.

ಕೈಜಾಗೆ ಬಗ್ಗಿ ನೋಡಿದ. "ಯಾರಪ್ಪಾ ಇದನ್ನ ಕತ್ತರಿಸಿದ್ದು?"

"ನಾನೇ."

"ಗೊತ್ತಾಗತ್ತೆ."

ಅಜ್ಜ ಗಡ್ಡ ನೀವಿಕೊಂಡರು. "ಬಾಯಲ್ಲಿ ಹೇಳೋದು ಸುಲಭ. ಕತ್ತರಿ ತಂದಿದೀಯೋ, ಅದೂ ಇಲ್ವೋ?"

ಕೋಟಿನ ಜೇಬಿನಲ್ಲೇ ಇತ್ತು. ದೊಡ್ಡಮ್ಮ ಹೆಗಲ ಮೇಲೆ ಹೊದ್ದ ಕಾಂಗಾ ಬಟ್ಟೆ ತೆಗೆದು ಅಜ್ಜನ ಕೊರಳಿಗೆ ಸುತ್ತಿದಳು. ಸಾಲು ಚದುರಿತು. ನಾನು "ಇಲ್ಲಿ ನೋಡಿ" ಎನ್ನಲಿಲ್ಲ. ನೆಲಕ್ಕೆ ಮಂಡಿಯೂರಿ ಕಾದೆ. ಅವನು ಎರಡು ಬೆರಳಲ್ಲಿ ಅವರ ಗಲ್ಲ ಎತ್ತಿದ, ಅವರು ಕಣ್ಣು ಮುಚ್ಚಿದರು. ಆಗ ಒತ್ತಿದೆ.

ನಿನ್ನ ಕೈಯಲ್ಲಿರುವುದು ಅದೇ. ಮಾವ ನಾಲಿಗೆಯ ತುದಿ ಕಚ್ಚಿಕೊಂಡಿದ್ದಾನೆ ನೋಡು, ಸ್ಲೇಟಿನಲ್ಲಿ ಅಕ್ಷರ ತಿದ್ದುವಾಗಲೂ ಹಾಗೇ ಮಾಡುತ್ತಿದ್ದ. ಫೋಟೋದ ಅಂಚಿನಲ್ಲಿ ಚಿಕ್ಕಮ್ಮನ ಮೊಣಕೈ ತುಂಡಾಗಿದೆ, ಅದಕ್ಕೆ ಕ್ಷಮೆಯಿರಲಿ.

ಕೆಲಸ ಮುಗಿದ ಮೇಲೆ ಅಜ್ಜ ಕನ್ನಡಿ ತರಿಸಿ ತುಂಬಾ ಹೊತ್ತು ನೋಡಿಕೊಂಡರು. "ಕೆಲಸ ಬರತ್ತೆ ಕಣೋ ನಿಂಗೆ" ಎಂದರು. ಮಾವ ಕತ್ತರಿ ತೊಳೆಯಲು ಮನೆಯ ಹಿಂದೆ ಹೋದವನು ಬೇಗ ಬರಲಿಲ್ಲ. ನಾವೂ ಹೋಗಿ ನೋಡಲಿಲ್ಲ. ಬಂದ ಮೇಲೆ ದೊಡ್ಡ ಮಾವ, ನಿನ್ನ ಅಪ್ಪ, ಎಲ್ಲರೂ ತಲೆ ಒಪ್ಪಿಸಲು ಸಾಲಾಗಿ ಕೂತರು. ಬಾಳೆಕಾಯಿ ಸಾರು ಎರಡು ಸಲ ಬಿಸಿ ಮಾಡಬೇಕಾಯಿತು.

ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು. ನನ್ನ ಸುಳ್ಳನ್ನು ಅಜ್ಜನಿಗೆ ಹೇಳಬೇಡ.

ನಿನ್ನ ಫೋಟೋಗಾರ್ತಿ ಅಮ್ಮ,
ಕೊಕುಹುಂಬ್ಯಾ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಈ ಸಂಜೆ ಅಜ್ಜನಿಗೆ ಅವರ ಪ್ರತಿ ಕೊಡಲು ಹೋಗಿದ್ದೆ. ಬೈಬಲಿನಲ್ಲಿಡಲು ತೆರೆದರು. ಒಳಗೆ ಅಕ್ಟೋಬರಿನ ಫೋಟೋ ಇತ್ತು, ನಡುವಿನ ಜಾಗದ ಸಮೇತ. ರೀಲು ಹಾಳು ಮಾಡಿದ್ದಕ್ಕೆ ಬೈಯಲೆಂದು ಆ ನಾಲ್ಕು ದಿನದೊಳಗೇ ಸ್ವಾಲೆಹ್ ಹತ್ತಿರ ಹೋಗಿದ್ದರಂತೆ. ಅವನು ಅವರ ಹಳೆಯ ವಿದ್ಯಾರ್ಥಿ. ಹೆಡ್ ಮೇಷ್ಟ್ರನ್ನು ಕಂಡೊಡನೆ ಎದ್ದು ನಿಂತು ಇನ್ನೊಂದು ಪ್ರತಿ ತೆಗೆದುಕೊಟ್ಟನಂತೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಜ್ಜ ನನ್ನ ಬೆನ್ನು ತಟ್ಟಿ, "ಫೋಟೋ ಚೆನ್ನಾಗೇ ಬಂದಿತ್ತು ಕಣೆ" ಎಂದರು. "ಜನ ಸಾಲದೆ ಇದ್ದಿದ್ದು ನನ್ನ ತಪ್ಪು."