ಕಪ್ಪಾದ ಮುನ್ನೂರ ಹನ್ನೆರಡು ಚೀಟಿಗಳು

ಒಪ್ಪಂದದ ಎಪ್ಪತ್ತೊಂದನೇ ವರ್ಷ, ಎರಡನೇ ಬೇಸಿಗೆಯ ಹದಿನೆಂಟನೇ ದಿನ
(ನಿಮ್ಮ ಎಣಿಕೆಯಲ್ಲಿ 2171ನೇ ಇಸವಿಯ ಅಕ್ಟೋಬರ್)

ಹಿಂದಿನವರಿಗೆ,

ಈ ತಾರೀಖು ನಿಮಗೆ ಸುಳ್ಳೆಂದು ಕಾಣಬಹುದು. ಮುಂದೆ ಬರುವ ಕೆಲವು ಪದಗಳೂ ನಿಮಗೆ ಅಪರಿಚಿತ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆಯಾ ಜಾಗದಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ನಾನು ದಾಕ್ಷಾಯಿಣಿ ಕಮತರ. ಹಾಲಗುಂಡಿಯ ದಫ್ತರಖಾನೆಯಲ್ಲಿ, ಎಂದರೆ ಹಳೆಯ ದಾಖಲೆಗಳ ಮನೆಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಇತಿಹಾಸಕಾರಳು. ನಮ್ಮಲ್ಲೊಂದು ಪದ್ಧತಿಯಿದೆ. ಯಾರ ಕೈಯಿಂದ ಒಂದು ದಾಖಲೆ ಹಾಳಾಗುತ್ತದೋ ಅವರು ಅದರ ಕಥೆಯನ್ನು ಪೂರ್ತಿ ಬರೆದು, ಆ ದಾಖಲೆಗಿಂತ ಹಿಂದಿನ ಕಾಲದವರಿಗೆ ಒಂದು ಪತ್ರ ಕಳಿಸಬೇಕು. ಇದಕ್ಕೆ ತಪ್ಪೋಲೆ ಎನ್ನುತ್ತಾರೆ. ಪತ್ರ ಎಲ್ಲಿಗೂ ಹೋಗುವುದಿಲ್ಲ, ಗೋಡೆಯ ಒಂದು ಪೆಟ್ಟಿಗೆಗೆ ಬೀಳುತ್ತದೆ. ಬೇರೆಯವರ ತಪ್ಪೋಲೆಗಳನ್ನು ಓದಿ ನಾನೂ ನಕ್ಕಿದ್ದೇನೆ. ಒಬ್ಬರು ಭೂಪಟದ ಮೇಲೆ ಮಜ್ಜಿಗೆ ಚೆಲ್ಲಿದ್ದರು. ನನ್ನದು ಅಂಥದ್ದಲ್ಲ.

ನಮ್ಮ ದಫ್ತರಖಾನೆ ಕಲ್ಲುಗುಡ್ಡದ ಹೊಟ್ಟೆಯಲ್ಲಿದೆ. ಹೊರಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೆರಳುಗಂಟೆ. ಆಗಿನ ಬಿಸಿಲಿಗೆ ಬಯಲಲ್ಲಿ ಯಾರೂ ಓಡಾಡುವಂತಿಲ್ಲ. ಆದ್ದರಿಂದ ನಾವು ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಒಳಗೆ ಸೇರುತ್ತೇವೆ. ರೊಟ್ಟಿ, ನೆರಳಿನ ಬಲೆಯಡಿ ಬೆಳೆದ ಜೋಳದ್ದು. ಪಲ್ಯ ಇದ್ದ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಒಳಗೆ ಬಂದವರು ಎರಡು ಸಲ ಕೈ ತೊಳೆಯಬೇಕು, ಮುಖಕ್ಕೆ ಬಟ್ಟೆ ಕಟ್ಟಬೇಕು. ಯುದ್ಧದ ಸೀಮೆಯಿಂದ ಬಂದ ಯಾವ ಕಾಗದವನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿಡುವಂತಿಲ್ಲ. ಮೊದಲು ಅದು ಬಿಸಿಗೂಡಿಗೆ ಹೋಗಬೇಕು. ಬಿಸಿಗೂಡು ಎಂದರೆ ರೋಗದ ಬೀಜ ಸಾಯುವಷ್ಟು ಕಾವಿನಲ್ಲಿ ಕಾಗದವನ್ನು ಎರಡು ಗಂಟೆ ಇಡುವ ಕಬ್ಬಿಣದ ಕೋಣೆ. ಇದು ಮಡಿವಂತಿಕೆಯಲ್ಲ. ಆ ಸೀಮೆಯ ಗೊರವಿನಾಳದ ಮಣ್ಣಿನಲ್ಲಿ ಯುದ್ಧಕಾಲದ ರೋಗ ಇನ್ನೂ ಬದುಕಿದೆ. ಹೋದ ವರ್ಷವೂ ಬೇಲಿ ದಾಟಿದ ಹನ್ನೊಂದು ಮೇಕೆಗಳು ಸತ್ತವು.

ಗೊರವಿನಾಳ ನನ್ನ ಒಂಬತ್ತು ವರ್ಷದ ಸಂಶೋಧನೆಯ ವಿಷಯ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ನದಿಯ ಮೇಲ್ದಂಡೆಯವರಿಗೂ ಕೆಳದಂಡೆಯವರಿಗೂ ನೀರಿಗಾಗಿ ಯುದ್ಧ ನಡೆಯಿತು, ನಾಲ್ಕು ವರ್ಷ. ಮೂರನೇ ವರ್ಷದಲ್ಲಿ ಮೇಲ್ದಂಡೆಯ ಸೇನೆ ಗೊರವಿನಾಳದ ಹತ್ತಿ ಗೋದಾಮಿನಲ್ಲಿ ಒಂದು ಶಿಬಿರ ತೆರೆಯಿತು. ಹೊರಗಿನ ಹಲಗೆಯಲ್ಲಿ 'ಆರೈಕೆ ಕೇಂದ್ರ' ಎಂದು ಬರೆದಿತ್ತು. ಸುತ್ತಲಿನ ಹದಿನಾಲ್ಕು ಹಳ್ಳಿಗಳಿಂದ, ಜ್ವರಕ್ಕೆ ಮುಂಚಿತವಾಗಿ ಸೂಜಿ ಹಾಕುತ್ತೇವೆಂದು ಹೇಳಿ ಜನರನ್ನು ಕರೆದೊಯ್ದರು. ಸೂಜಿಯಲ್ಲಿದ್ದದ್ದು ಔಷಧಿಯಲ್ಲ. ಎದುರು ದಂಡೆಯ ಮೇಲೆ ಹರಡಲು ತಯಾರಿಸುತ್ತಿದ್ದ ರೋಗ ಮನುಷ್ಯರಲ್ಲಿ ಎಷ್ಟು ದಿನಕ್ಕೆ ಏಳುತ್ತದೆ, ಎಷ್ಟು ದಿನಕ್ಕೆ ಕೊಲ್ಲುತ್ತದೆ ಎಂದು ಅವರು ನೋಡುತ್ತಿದ್ದರು. ಮುನ್ನೂರ ಹನ್ನೆರಡು ಜನರ ಮೇಲೆ ನೋಡಿದರು. ಇಪ್ಪತ್ತೈದು ಜನ ಉಳಿದರು. ಉಳಿದವರು ಏನನ್ನೂ ಹೇಳುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿ ಹೊರಬಂದರು, ಹೇಳದೆಯೇ ತೀರಿಕೊಂಡರು.

ನಮ್ಮ ವರ್ಷಗಳನ್ನು ಯಾವುದರಿಂದ ಎಣಿಸುತ್ತೇವೋ ಆ ಒಪ್ಪಂದದ ಹತ್ತೊಂಬತ್ತನೇ ಕಲಮು ಹೀಗಿದೆ: ವೈದ್ಯಕೀಯ ಮಾಹಿತಿಯನ್ನು ಎರಡೂ ಕಡೆಯವರು ಹಂಚಿಕೊಳ್ಳತಕ್ಕದ್ದು, ಮಾಹಿತಿ ಒಪ್ಪಿಸಿದವರ ಮೇಲೆ ವಿಚಾರಣೆ ನಡೆಸತಕ್ಕದ್ದಲ್ಲ. ಶಿಬಿರದ ಮುಖ್ಯ ವೈದ್ಯರು ಒಂದು ಕೋಷ್ಟಕ ಒಪ್ಪಿಸಿದರು. ಎಂಬತ್ತಮೂರನೇ ವಯಸ್ಸಿನಲ್ಲಿ, ತಮ್ಮ ಹಾಸಿಗೆಯಲ್ಲೇ ಸತ್ತರು. ಆ ಕೋಷ್ಟಕ ಇಂದಿಗೂ ವೈದ್ಯ ವಿದ್ಯಾರ್ಥಿಗಳ ಪಠ್ಯದಲ್ಲಿದೆ. ಒಳ್ಳೆಯ ಹಾಳೆ, ಒಳ್ಳೆಯ ಶಾಯಿ, ಒಂದಂಕಿಯೂ ಮಾಸಿಲ್ಲ. ಸಂಖ್ಯೆ, ಗಂಡೋ ಹೆಣ್ಣೋ, ವಯಸ್ಸು, ಸೂಜಿಯ ದಿನ, ಜ್ವರದ ದಿನ, ಸಾವಿನ ದಿನ. ಹೆಸರಿಗೆ ಅಂಕಣವೇ ಇಲ್ಲ.

ಹಳ್ಳಿಗಳ ಜನಪುಸ್ತಕದಲ್ಲಿ ಹೆಸರಿದೆ. ಆದರೆ ಸತ್ತವರೆಂದಿಲ್ಲ. ಶಿಬಿರಕ್ಕೆ ಹೋದ ಪ್ರತಿಯೊಬ್ಬರ ಮುಂದೆ ಸೇನೆಯ ಗುಮಾಸ್ತರು 'ಸ್ವಇಚ್ಛೆಯಿಂದ ವಲಸೆ' ಎಂದು ಬರೆದಿದ್ದಾರೆ.

ಒಂಬತ್ತು ವರ್ಷದ ಹಿಂದೆ ಹುಸೇನಬಿ ನನ್ನ ಬಳಿಗೆ ಬಂದದ್ದು ಈ ಎರಡು ಪದಗಳನ್ನು ಹೊಡೆದುಹಾಕಿಸಲು. ಅವರಿಗೀಗ ಎಂಬತ್ತೊಂದು. ಅಕ್ಕ ಮೆಹಬೂಬಿಯನ್ನು ಕರೆದೊಯ್ದಾಗ ಇವರಿಗೆ ಎಂಟು, ಅಕ್ಕನಿಗೆ ಹದಿನೈದು. ಜನಪುಸ್ತಕದಲ್ಲಿ ವಲಸೆ ಎಂದಿದ್ದರಿಂದ ಊರವರು ಹುಡುಗಿ ಶಿಬಿರದಿಂದ ಹೊರಬಂದು ಯಾರ ಜೊತೆಗೋ ಓಡಿಹೋದಳೆಂದು ತೀರ್ಮಾನಿಸಿದರು. ತಾಯಿ ಸಾಯುವವರೆಗೆ ಬಾವಿಕಟ್ಟೆಯಲ್ಲಿ ಆ ಮಾತು ಕೇಳಿದಳು.

"ನಮ್ಮವ್ವ ನೀರಿಗೆ ಹೋಗೂದ ಬಿಟ್ಲು. ನಾ ಹೋಗಾಕ್ಹತ್ತಿದೆ. ಆಮ್ಯಾಲ ನನ್ನ ಮುಂದ ಅಂದ್ರು," ಎಂದರು ಹುಸೇನಬಿ ಮೊದಲ ಭೇಟಿಯಲ್ಲಿ. "ನೀ ಏನೂ ಮಾಡಬ್ಯಾಡ ತಂಗಿ. ಓಡಿಹೋಗಿಲ್ಲ, ಸತ್ತಾಳ ಅಂತ ಒಂದ ಸಾಲು ಬರಿಸಿ ಕೊಡು."

ಒಂದು ಸಾಲು ಬರೆಸಲು ಹೆಸರು ಮಂಡಳಿ ಒಪ್ಪಬೇಕು. ಹಳೆಯ ಜನಪುಸ್ತಕಗಳನ್ನು ತಿದ್ದಲು ನೇಮಿಸಿದ ಮಂಡಳಿ ಇದು. ಹೋದ ತಿಂಗಳ ಕೊನೆಯ ದಿನ ಇದರ ಅವಧಿ ಮುಗಿಯಿತು. ಮಂಡಳಿಯ ನಿಯಮ ಸರಳ: ಒಂದು ಹೆಸರಿಗೆ ಒಂದು ಸಂಖ್ಯೆ, ಲಿಖಿತ ಆಧಾರದೊಂದಿಗೆ. ಕೋಷ್ಟಕದಲ್ಲಿ ಹದಿನೈದು ವರ್ಷದ ಹೆಣ್ಣುಮಕ್ಕಳು ಐವರಿದ್ದಾರೆ: 61, 108, 140, 214, 277. ಐವರೂ ಸತ್ತಿದ್ದಾರೆ. ಮೆಹಬೂಬಿ ಇವರಲ್ಲಿ ಒಬ್ಬಳು ಎಂದು ನನಗೆ ಒಂಬತ್ತು ವರ್ಷಗಳಿಂದ ಗೊತ್ತು. ಯಾರು ಎಂದು ಗೊತ್ತಿಲ್ಲ. ಐವರೂ ಸತ್ತ ಮೇಲೆ ಯಾವ ಸಂಖ್ಯೆಯಾದರೇನು ಎಂದು ನಾನು ಮಂಡಳಿಗೆ ಮೂರು ಸಲ ಬರೆದೆ. ಮೂರು ಸಲವೂ ಒಂದೇ ಉತ್ತರ ಬಂತು: ಅಂದಾಜನ್ನು ಒಪ್ಪಲಾಗದು.

ಈ ವರ್ಷದ ಮೊದಲ ಬೇಸಿಗೆಯಲ್ಲಿ ಗೊರವಿನಾಳದ ಪಕ್ಕದ ಊರಿನಿಂದ ಒಂದು ತಗಡಿನ ಡಬ್ಬಿ ಬಂತು. ಶಿಬಿರದ ಬಾಗಿಲಲ್ಲಿ ಕೂರುತ್ತಿದ್ದ ಗುಮಾಸ್ತ ಮರಿಯಪ್ಪನವರ ವಂಶದವರು ಹಾಳುಬಾವಿ ಕೆದಕುವಾಗ ಸಿಕ್ಕಿದ್ದು. ಮೇಣ ಹಚ್ಚಿ ಮುಚ್ಚಿದ್ದರಿಂದ ಒಳಗೆ ತೇವ ಹೋಗಿರಲಿಲ್ಲ. ಶಿಬಿರದೊಳಗೆ ಹೋಗುವವರಿಗೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದ ಎರಡು ಚೀಟಿ ತೆಗೆಯುತ್ತಿದ್ದರಂತೆ; ಒಂದು ಅವರ ಮಣಿಕಟ್ಟಿಗೆ, ಇನ್ನೊಂದು ಬಾಗಿಲಿಗೆ. ಬಾಗಿಲಿನ ಚೀಟಿಗಳನ್ನು ಸುಡಬೇಕೆಂದು ಆದೇಶವಿತ್ತು. ಮರಿಯಪ್ಪ ಸುಟ್ಟಿರಲಿಲ್ಲ. ಯಾಕೆ ಎಂದು ಎಲ್ಲೂ ಬರೆದಿಲ್ಲ. ಪ್ರಾಣಕ್ಕೆ ಅಪಾಯವಿದ್ದರೂ ಮುನ್ನೂರ ಹನ್ನೆರಡು ಚೀಟಿಗಳನ್ನು ದಾರ ಕಟ್ಟಿ ಇಟ್ಟಿದ್ದರು.

ನಾನು ಡಬ್ಬಿ ತೆರೆದೆ. ಹೆಸರು, ಊರು, ಸಂಖ್ಯೆ. ಅಕ್ಷರ ಮಾಸಿತ್ತು, ಆದರೂ ಓದಬಹುದಿತ್ತು. ನಿಮಿಷ ಮುಗಿಯುವಷ್ಟರಲ್ಲಿ ಮೇಲಿನ ನಾಲ್ಕು ಓದಿದೆ. ನಾಲ್ಕೂ ಗಂಡಸರ ಹೆಸರು. ಇನ್ನೈದು ನಿಮಿಷ ಓದಬಹುದಿತ್ತು. ಮುಖಕ್ಕೆ ಬಟ್ಟೆಯಿತ್ತು, ಕೈಗೆ ಗವಸಿತ್ತು, ಕೋಣೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಸಾವಿರ ಕಾಗದಗಳನ್ನು ಬಿಸಿಗೂಡಿಗೆ ಕಳಿಸಿದ್ದೇನೆ, ಒಂದೂ ಕೆಟ್ಟಿರಲಿಲ್ಲ. ಮುಚ್ಚಿ, ಸಹಿ ಹಾಕಿ, ಕಳಿಸಿದೆ. ಎರಡು ಗಂಟೆಯ ನಂತರ ತಟ್ಟೆ ಹೊರಗೆ ಬಂತು. ಚೀಟಿಗಳು ಸುಟ್ಟಿರಲಿಲ್ಲ, ಮುದುಡಿರಲೂ ಇಲ್ಲ. ಅಂಚಿನಿಂದ ಅಂಚಿಗೆ, ಒಂದು ಬಿಡದೆ, ಹಂಚಿನ ತಳದಂತೆ ಕಪ್ಪಾಗಿದ್ದವು.

ಕಾರಣ ತಿಳಿಯಲು ಹನ್ನೆರಡು ದಿನ ಬೇಕಾಯಿತು. ತಿಳಿದದ್ದು ನಿಮ್ಮ ಕಾಲದ ಒಂದು ದಿನಪತ್ರಿಕೆಯಿಂದ, ಅದರ ಓದುಗರ ಪತ್ರಗಳ ಅಂಕಣದಿಂದ. ಬಸ್ಸಿನಲ್ಲಿ ಕೊಡುವ ಟಿಕೆಟ್ ಬಿಸಿಲಿಗೆ ಕಪ್ಪಾಗುತ್ತದೆ, ಅಂಗಡಿಯ ಬಿಲ್ ವರ್ಷದೊಳಗೆ ಮಾಸುತ್ತದೆ, ಸಂಬಂಧಪಟ್ಟವರು ಗಮನಿಸಬೇಕು ಎಂದು ಒಬ್ಬ ಓದುಗರು ದೂರಿದ್ದರು. ಆ ಕಾಗದಕ್ಕೆ ಶಾಯಿಯೇ ಇಲ್ಲವಂತೆ; ಕಾವು ತಾಗಿದಲ್ಲಿ ಕಪ್ಪಾಗುವುದೇ ಅದರ ಬರವಣಿಗೆಯಂತೆ. ನಮ್ಮಲ್ಲಿ ಅದನ್ನು ಯಾರೂ ತಯಾರಿಸುವುದಿಲ್ಲ. ನಿಮ್ಮ ಯಾವ ಬಸ್ ಕಂಡಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದ ಸಂಗತಿ, ಯುದ್ಧಕಾಲದ ದಾಖಲೆಗಳ ತಜ್ಞೆ ಎನಿಸಿಕೊಂಡ ನನಗೆ ಗೊತ್ತಿರಲಿಲ್ಲ.

ನಮ್ಮ ಮುಖ್ಯಸ್ಥರು ವೀರಭದ್ರ ಹಂಚಿನಾಳ. ಕೆಟ್ಟವರಲ್ಲ. ಕಪ್ಪು ಚೀಟಿಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ, "ನಿಯಮ ಪಾಲಿಸೀರಿ. ನಿಮ್ಮ ಮ್ಯಾಲ ಏನೂ ಬರೂದಿಲ್ಲ," ಎಂದರು.

"ನನ್ನ ಮ್ಯಾಲ ಬರೂದು ಬ್ಯಾಡ ಅಂತ ಯಾರ ಅಂದ್ರು ಸರ್?" ಎಂದೆ.

"ಹಂಗಾರ ತಪ್ಪೋಲಿ ಬರೀರಿ," ಎಂದು ಅವರು ತಮ್ಮ ಬುತ್ತಿ ಬಿಚ್ಚಿದರು.

ನಂತರದ ಎರಡು ತಿಂಗಳು ನಾನು ಚೀಟಿಗಳನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿದೆ. ಯಂತ್ರ ಊರಿನ ಹೆಸರನ್ನು ತಪ್ಪಾಗಿ ಹೊಡೆದಾಗ ಮರಿಯಪ್ಪ ಪೆನ್ನಿನಿಂದ ತಿದ್ದಿ, ಪಕ್ಕದಲ್ಲೇ ಪೂರ್ತಿ ವಿವರವನ್ನು ಇನ್ನೊಮ್ಮೆ ಬರೆಯುತ್ತಿದ್ದರು. ಬಣ್ಣ ಕಾಣುತ್ತಿರಲಿಲ್ಲ, ಪೆನ್ನು ಒತ್ತಿದ ಗೀರು ಮಾತ್ರ ಉಳಿದಿತ್ತು. ಅಂಥ ಮೂವತ್ತೆಂಟು ಚೀಟಿಗಳನ್ನು ಓದಿದೆ. ಒಂದರಲ್ಲಿ 108 ಎಂದಿತ್ತು, ಆ ಐವರಲ್ಲಿ ಒಬ್ಬಳ ಸಂಖ್ಯೆ. ಅದನ್ನು ಬೆಳಕಿಗೆ ತಿರುಗಿಸಿ ಹಿಡಿದೆ. ಹೆಸರು ಬೇರೆ ಊರಿನ ಶಾಂತವ್ವನದು. ಅವಳ ಮನೆಯಲ್ಲಿ ಈಗ ಯಾರೂ ಇಲ್ಲ. ಅವಳಿಗೆ ಸಾಲು ಸಿಕ್ಕಿತು, ಓದುವವರಿಲ್ಲ. ಮೆಹಬೂಬಿ ಈಗ ಐವರಲ್ಲಿ ಒಬ್ಬಳಲ್ಲ, ನಾಲ್ವರಲ್ಲಿ ಒಬ್ಬಳು. ಒಂಬತ್ತು ವರ್ಷದ ಸಂಶೋಧನೆಯಿಂದ ಆಕೆಯ ವಿಷಯದಲ್ಲಿ ನಾನು ಸಾಧಿಸಿದ್ದು ಇಷ್ಟು.

ಮಂಡಳಿಯ ಅವಧಿ ಮುಗಿಯುವ ಹಿಂದಿನ ದಿನ ಹುಸೇನಬಿಗೆ ಎಲ್ಲವನ್ನೂ ಹೇಳಿದೆ. ಅವರು ಒಂದು ಕಪ್ಪು ಚೀಟಿಯನ್ನು ತೆಗೆದುಕೊಂಡು ಎರಡೂ ಕಡೆ ನೋಡಿದರು.

"ಅವ್ರ ಸುಡು ಅಂದಿದ್ದನ್ನ ಆ ಗುಮಾಸ್ತ ಸುಡಲಿಲ್ಲ. ನಿಮಗ ಯಾರೂ ಹೇಳಲಿಲ್ಲ, ನೀವ ಹುರದಿಟ್ರಿ. ಭಾಳ ಓದೀರಲ್ಲ," ಎಂದರು.

ನಾನು ಉಳಿದ ಚೀಟಿಗಳನ್ನು ತಟ್ಟೆಯಲ್ಲಿ ಜೋಡಿಸಿದೆ. ಅವರೇ ಮತ್ತೆ ಕೇಳಿದರು: "ಹುರಿಯೂಕಿಂತ ಮೊದಲ ನಾಕು ಓದಿದೆ ಅಂದ್ಯಲ್ಲ. ಅದರಾಗ ನಮ್ಮಕ್ಕನ ಹೆಸರಿತ್ತೇನು?"

ಇಲ್ಲಿ ನಾನು ಪೂರ್ತಿ ಸತ್ಯ ಹೇಳಬೇಕು. ಇತಿಹಾಸಕಾರರು ಪ್ರಮಾಣ ಮಾಡಿ ಹೇಳಿದ ಓದನ್ನು ಮಂಡಳಿ ಲಿಖಿತ ಆಧಾರವೆಂದೇ ಸ್ವೀಕರಿಸುತ್ತದೆ. ನಾನು ಓದಿದ ನಾಲ್ಕು ಹೆಸರುಗಳು ಹಾಗೆಯೇ ದಾಖಲಾದವು. ಇತ್ತು, ಸಂಖ್ಯೆ 214 ಎಂದು ಬರೆದುಕೊಟ್ಟಿದ್ದರೆ ಮರುದಿನ ಸಾಲು ತಿದ್ದುತ್ತಿದ್ದರು. ಪರಿಶೀಲಿಸಲು ಚೀಟಿ ಇಲ್ಲ. ಅದನ್ನು ನಾನೇ ಇಲ್ಲವಾಗಿಸಿದ್ದೆ. ಆದರೆ 214 ಇನ್ನೊಬ್ಬಳ ಸಂಖ್ಯೆಯೂ ಆಗಿರಬಹುದು. ಹೆಸರು ಅಳಿಸಿ ಸಂಖ್ಯೆ ಕೊಟ್ಟವರ ಕೆಲಸವನ್ನು ನಾನು ಮುಂದುವರಿಸಿದಂತಾಗುತ್ತಿತ್ತು.

"ಇರಲಿಲ್ಲ ಅಮ್ಮಾ," ಎಂದೆ.

"ಇತ್ತು ಅಂದಿದ್ರ ನಿನ್ನ ಗಂಟೇನ ಹೋಗತಿತ್ತು?"

"ಇರಲಿಲ್ಲ."

ಅವರು ಚೀಟಿಯನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ನೆರಳುಗಂಟೆ ಮುಗಿಯುವವರೆಗೆ ಹೊರಗೆ ಹೋಗುವಂತಿಲ್ಲದ್ದರಿಂದ ನಾವಿಬ್ಬರೂ ಆ ಕೋಣೆಯಲ್ಲಿ ಮೂರು ಗಂಟೆ ಕೂತೆವು. ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟೆ. ತಿಂದು, "ಉಪ್ಪ ಕಡಿಮಿ ಆಗೇತಿ," ಎಂದರು. ಮರುದಿನ ಮಂಡಳಿ ಬಾಗಿಲು ಹಾಕಿತು. ಒಟ್ಟು ನಲವತ್ತೆರಡು ಹೆಸರುಗಳು ತಿದ್ದುಪಡಿಯಾದವು. ಮೆಹಬೂಬಿ ಇಂದಿಗೂ ಸ್ವಇಚ್ಛೆಯಿಂದ ವಲಸೆ ಹೋದವಳು.

ಹಿಂದಿನವರೇ, ನಿಮ್ಮಲ್ಲಿ ಇನ್ನೂ ಯುದ್ಧ ಶುರುವಾಗಿಲ್ಲ. ನಾನು ಹೇಳಿ ಅದು ನಿಲ್ಲುವುದೂ ಇಲ್ಲ. ಸಣ್ಣದೊಂದು ಕೆಲಸ ಕೇಳುತ್ತೇನೆ. ಯಾರಾದರೂ ನಿಮ್ಮ ಬಾಗಿಲಿಗೆ ಸೂಜಿ ತಂದು, ಇದು ನಿಮ್ಮ ಒಳ್ಳೆಯದಕ್ಕೆ ಎಂದರೆ, ನಿಜಕ್ಕೂ ಅದು ಒಳ್ಳೆಯದಕ್ಕೇ ಇರಬಹುದು, ಹಾಕಿಸಿಕೊಳ್ಳಿ. ಆದರೆ ಹಾಕಿದವರ ಹೆಸರು ಕೇಳಿ. ಹಾಕಿಸಿಕೊಂಡವರ ಹೆಸರು, ಊರು, ದಿನ ನೀವೇ ಬರೆದಿಡಿ. ಶಾಯಿಯಲ್ಲಿ ಬರೆಯಿರಿ, ಒತ್ತಿ ಬರೆಯಿರಿ. ಮನೆಯಿಂದ ಹೊರಟವರು ಎಲ್ಲಿಗೆ, ಯಾರ ಜೊತೆ ಹೊರಟರು ಎಂದೂ ಒಂದು ಸಾಲು ಇರಲಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ನಿಮ್ಮ ಜಾತಿಯವರಲ್ಲದ, ನಿಮ್ಮ ಓಣಿಯವರಲ್ಲದ ಯಾರದಾದರೂ ಮನೆಯಲ್ಲಿ. ಆ ಕಾಗದವನ್ನು ಮುಂದೆ ಓದುವವರು ನನ್ನಂಥವರೇ ಇರುತ್ತಾರೆ. ನಮ್ಮ ಜಾಣತನದ ಮೇಲೆ ಭಾರ ಹಾಕಬೇಡಿ.

ದಾಕ್ಷಾಯಿಣಿ ಕಮತರ
ಹಾಲಗುಂಡಿ