ನೀವು ಅಳೆದುಕೊಟ್ಟ ತೊಂಬತ್ತು ಗ್ರೇನ್

ಶಿವಪ್ಪ ಕಾಕಾ,

ತೀರ್ಥರೂಪ ಸಮಾನರಾದ ಎಂದು ಶುರು ಮಾಡಬೇಕು, ಗೊತ್ತು. ಕೈ ಬರಲಿಲ್ಲ. ಸಾಷ್ಟಾಂಗ ನಮಸ್ಕಾರವನ್ನೂ ಬೇಕೆಂದೇ ಬಿಟ್ಟಿದ್ದೇನೆ. ನೀವು ಹೋಗಿ ಎರಡು ವರ್ಷವಾಯಿತು. ಸ್ಯಾಂಟಾ ಕ್ಲಾರಿಟಾದ ನಿಮ್ಮ ಮನೆಗೆ ಬಂದು, ನಿಮ್ಮ ಫೋಟೋಗೆ ಹೂವು ಹಾಕಿ, ಕಮಲಾ ಕಾಕಿಯ ಎದುರು ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದ್ದೆ. ಆ ನಾಲ್ಕು ಮಾತನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನೀವು ಬದುಕಿದ್ದಾಗಲೇ ಕೇಳಬೇಕಿತ್ತು. ಆಗ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.

ಆ ಕೊರೋನಾ ಬೇಸಿಗೆ ನೆನಪಿದೆಯೇ? ಲ್ಯಾಬು, ಮನೆ, ಮತ್ತೆ ಲ್ಯಾಬು ಎಂದು ನನಗೆ ತಲೆ ಕೆಟ್ಟುಹೋಗಿತ್ತು. ನೀವು ಗ್ಯಾರೇಜಿನಲ್ಲಿ ನನ್ನ ಕೈಗೆ ಕೋವಿ ಕೊಟ್ಟಿರಿ. ಬಾಯಿಯಿಂದ ತುಂಬುವ ಹಳೇ ನಮೂನೆಯದು. ಮೊದಲು ಮದ್ದು, ಆಮೇಲೆ ಗುಂಡು, ಕಡ್ಡಿಯಿಂದ ತಳದವರೆಗೆ ಜಡಿಯುವುದು, ಕೊನೆಗೆ ಹಿಂದುಗಡೆ, ಮದ್ದಿಗೆ ಕಿಡಿ ತಗಲಿಸುವ ಪುಟ್ಟ ಕೇಪು ಸಿಕ್ಕಿಸುವುದು. ಯಾದಗಿರಿ ಕಡೆ ನಿಮ್ಮಪ್ಪ ಜೋಳದ ಹೊಲಕ್ಕೆ ಹಂದಿ ಬರದ ಹಾಗೆ ಇಂಥದ್ದೇ ಒಂದನ್ನು ಇಟ್ಟುಕೊಂಡಿದ್ದರಂತೆ. “ಒಂದ ಗುಂಡು ನೋಡವಾ. ತಪ್ಪಿತಂದ್ರ ಜಿಂಕಿನೂ ಮನಿಗೆ, ನಾವೂ ಮನಿಗೆ,” ಎಂದು ನಕ್ಕಿರಿ. ನಮ್ಮ ಬಾಗಲಕೋಟೆ ಮನೆಯಲ್ಲಿ ಕೋವಿ ಮುಟ್ಟಲು ಅಣ್ಣಂದಿರಿಗೆ ಮಾತ್ರ ಅಪ್ಪಣೆ ಇತ್ತು. ನೀವು ನನಗೆ ಕೊಟ್ಟಿರಿ. ಸುಳ್ಳು ಹೇಳುವುದಿಲ್ಲ, ಅವತ್ತು ನೀವು ನನಗೆ ತುಂಬಾ ಇಷ್ಟವಾದಿರಿ.

ಗುಂಡಿನ ವಿಚಾರಕ್ಕೆ ನಾವಿಬ್ಬರೂ ಜಗಳವಾಡಿದ್ದು ಆ ವರ್ಷವೇ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ತಾಮ್ರದ್ದೇ ಆಗಬೇಕು. ತಾಮ್ರ ಹಗುರ, ಸೀಸದಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನಿಮ್ಮ ಹಳೇ ನಳಿಗೆಗೆ ಒಗ್ಗಲಿಲ್ಲ, ಗುರಿಯ ಕಾಗದಕ್ಕೆ ಅಡ್ಡಡ್ಡ ಹೋಗಿ ಬಡಿಯುತ್ತಿತ್ತು. ಮೂರು ಭಾನುವಾರ ಗುರಿ ಹೊಡೆಯುವ ರೇಂಜಿನಲ್ಲಿ ಕೂತು ಗಿಡ್ಡನೆಯ ಒಂದು ಗುಂಡು ಹುಡುಕಿದವಳು ನಾನು. ಆಮೇಲೆ ಮದ್ದು ಎಷ್ಟು ಗ್ರೇನ್ ಎಂಬ ಪ್ರಶ್ನೆ, ಸುಮಾರು ಹದಿನೈದು ಗ್ರೇನ್ ಸೇರಿದರೆ ಒಂದು ಗ್ರಾಂ. ಎಂಬತ್ತು ಗ್ರೇನ್ ಹಾಕಿದರೆ ಕಾಗದದ ಮೇಲಿನ ಮೂರು ತೂತು ನನ್ನ ಒಂದು ಅಂಗೈಯಲ್ಲಿ ಮುಚ್ಚಿಹೋಗುತ್ತಿದ್ದವು, ತೊಂಬತ್ತು ಹಾಕಿದರೆ ಎರಡು ಅಂಗೈ ಬೇಕಿತ್ತು. ನೀವು ತೊಂಬತ್ತನ್ನೇ ಹಿಡಿದಿರಿ. “ತಾಮ್ರಕ್ಕ ಜ್ವಾರು ಬೇಕು. ಕಾಗದಾ ಕೊಂದು ತಿಂತೀಯೇನ ನೀ?” ಎಂದಿರಿ. ರೇಂಜಿಗೆ ಬಂದಿದ್ದ ನಮ್ಮ ಗುಂಪಿನವರೆಲ್ಲ ನಕ್ಕರು, ನಾನೂ ನಕ್ಕೆ.

ಮಹಾನವಮಿಯ ಖಂಡೇಪೂಜೆಗೆ ನಿಮ್ಮ ಗ್ಯಾರೇಜೇ ನಮ್ಮ ಬೇಟೆ ಗುಂಪಿನ ಆರು ಮನೆಗಳ ದೇವರಮನೆ. ಕಾರುಗಳಿಗೆ ನಿಂಬೆಹಣ್ಣು, ಕೋವಿಗಳಿಗೆ ಕುಂಕುಮ. ಆರತಿಯಾದ ಮೇಲೆ ನೀವು ತಕ್ಕಡಿಯಲ್ಲಿ ತೂಗಿ, ಚಿಕ್ಕ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ತುಂಬಿಟ್ಟ ಮದ್ದನ್ನು ಒಬ್ಬೊಬ್ಬರಿಗೆ ಮೂರರಂತೆ ಕೊಡುತ್ತಿದ್ದಿರಿ. ಪ್ರತಿ ಟ್ಯೂಬಿನ ಮೇಲೆ ನಿಮ್ಮ ಅಕ್ಷರದಲ್ಲಿ ಅವರವರ ಹೆಸರು. ನಾವು ಬಲಗೈ ಚಾಚಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. “ಹಿರೇರು ಅಳದ ಕೊಟ್ಟದ್ದನ್ನ ಮತ್ತ ಅಳೀಬಾರದು,” ಎನ್ನುತ್ತಿದ್ದಿರಿ. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್‍ಯಾಂಚಿನ ಲ್ಯಾಬಿನಲ್ಲಿ ನನ್ನ ಮ್ಯಾನೇಜರ್ ತೂಗಿಟ್ಟ ಪುಡಿಯನ್ನೂ ನಾನು ಇನ್ನೊಮ್ಮೆ ತೂಗದೆ ಮುಟ್ಟುವವಳಲ್ಲ. ನೀವು ಕೊಟ್ಟದ್ದನ್ನು ಮಾತ್ರ ಕಣ್ಣುಮುಚ್ಚಿ ನಳಿಗೆಗೆ ಸುರಿದೆ. ಯಾಕೆ? ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಹಿರಿಯರ ಕೈಯಿಂದ ಬಂದದ್ದು ಪ್ರಸಾದ ಎಂಬ ನಂಬಿಕೆ ಹೋಗಿರಲಿಲ್ಲ, ಅಷ್ಟೆ.

ಮರುವರ್ಷ ನಾವು ಬಳಸುತ್ತಿದ್ದ ಕರಿಮದ್ದು ಎಲ್ಲಿಯೂ ಸಿಗಲಿಲ್ಲ. ನೀವು ಅಂಗಡಿ ಅಂಗಡಿ ಅಲೆದು, ಅದರ ಬದಲಿಗೆ ಬರುವ ಹೊಸ ಮದ್ದಿನ ಡಬ್ಬಿ ತಂದಿರಿ. ಅದನ್ನೊಮ್ಮೆ ರೇಂಜಿನಲ್ಲಿ ಹೊಡೆದು ನೋಡೋಣ ಎಂದು ನಾನು ಹೇಳಿದ್ದೆ, ಮರೆತಿಲ್ಲ ತಾನೆ? “ಅದ ತೂಕ, ಅದ ಗುಂಡು. ಮತ್ಯಾಕ ಪರೀಕ್ಷಾ?” ಎಂದಿರಿ. ಆ ನವಮಿಯ ಟ್ಯೂಬುಗಳು ಬಾಯಿತನಕ ತುಂಬಿದ್ದವು. ಹಿಂದಿನ ವರ್ಷ ಅಷ್ಟು ತುಂಬಿರಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಕಣ್ಣಿಗೆ ಒತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ ಬೆಟ್ಟ ಹತ್ತಿ ಹೋದ ಆ ಬೆಳಿಗ್ಗೆ ಒಣಹುಲ್ಲಿನಾಚೆ ಒಂದು ಗಂಡು ಜಿಂಕೆ ನಿಂತಿತ್ತು. ನನ್ನ ಎಡಕ್ಕೆ ನಿಮ್ಮ ಮಗಳು ಮೇಘಾ, ಅವಳೂ ಕೋವಿ ತುಂಬಿಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಕಣ್ಣಿನ ರಕ್ಷಣೆಗೆ ಗ್ಲಾಸು ಹಾಕಿಕೊಳ್ಳಲು ಹೋದ ನನ್ನನ್ನು ನೀವೇ ತಡೆದಿರಿ. “ಕಾಡಿನ್ಯಾಗ ಕನ್ನಡಕ ಹಾಕ್ಕೊಂಡ್ರ ಜಿಂಕಿ ನಗತಾವು,” ಎಂದಿರಿ. ನಾನು ಹೊಡೆದೆ. ಭುಜಕ್ಕೆ ಒದೆ ಬಿದ್ದದ್ದು, ಕೇಪಿಗೆ ಬಡಿಯುವ ಹ್ಯಾಮರ್ ಹಿಂದಕ್ಕೆ ಹಾರಿದ್ದು, ಬಲಗಣ್ಣಿಗೆ ಬಿಸಿಯಾದದ್ದೇನೋ ಹೊಕ್ಕಿದ್ದು ಎಲ್ಲ ಒಟ್ಟಿಗೇ ಆಯಿತು. ಅದು ಕೇಪಿನ ಚೂರು ಎಂದು ಆಮೇಲೆ ಡಾಕ್ಟರು ಹೇಳಿದರು. ಮೊಣಕಾಲೂರಿ ಕೂತವಳಿಗೆ ಎಡಗಣ್ಣಲ್ಲಿ ನೀವು ಓಡಿಬರುವುದು ಕಾಣಿಸಿತು. ನೀವು ನನ್ನ ಹತ್ತಿರ ಬರಲಿಲ್ಲ ಕಾಕಾ. ನನ್ನನ್ನು ದಾಟಿ ಹೋಗಿ ಮೇಘಾಳ ಕೈಯಿಂದ ಕೋವಿ ಕಿತ್ತುಕೊಂಡಿರಿ, ಅದರ ಕೇಪು ತೆಗೆದು ಎಸೆದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ. ತಂದೆಯ ಜೀವ, ಗಾಬರಿಯಾಗಿತ್ತು ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಗಂಡನಿಗೆ ನೀವು ಹೇಳಿದ್ದು ನನಗೂ ಕೇಳಿಸಿತು. “ಎರಡ ಟ್ಯೂಬ್ ಸುರದಾಳಪಾ. ಜಿಂಕಿ ಕಂಡ ಕೂಡಲೆ ಗಡಿಬಿಡಿ. ಬ್ಯಾಗಿನ್ಯಾಗ ಒಂದ ಉಳದಿತ್ತು, ನಾನ ತಗದ ಇಟ್ಟೀನಿ.” ಕಣ್ಣಿಗೆ ಕಟ್ಟು, ತಲೆಯೆಲ್ಲ ಮಂಕು. ನೀವು ಹೇಳಿದ ಮೇಲೆ ಇರಬಹುದು ಅನ್ನಿಸಿತು. ಒಂದು ಸುರಿದದ್ದು ನೆನಪಿದೆ, ಎರಡನೆಯದು ನೆನಪಿಲ್ಲ. ನೆನಪಿಲ್ಲದಿದ್ದರೇನು, ನೀವು ಎಣಿಸಿದ್ದೀರಲ್ಲ.

ಆಮೇಲಿನ ನಾಲ್ಕು ವರ್ಷ ನಾನು ಹೇಗಿದ್ದೆ ಎಂದು ನಿಮಗೆ ಹೇಳಲೇಬೇಕು. ಬಲಗಣ್ಣಿಗೆ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ಅದನ್ನು ಹೇಗೋ ಸಹಿಸಿಕೊಂಡೆ. ಯುಗಾದಿ ಊಟಕ್ಕೆ ಪುಳಿಯೋಗರೆ ಮಾಡಿಕೊಂಡು ಹೋದರೆ ನಮ್ಮ ಗುಂಪಿನ ಪ್ರಸನ್ನ ಎಲ್ಲರೆದುರು, “ಶೈಲಾ, ಉಪ್ಪು ಎರಡ್ಸಲ ಹಾಕಿಲ್ಲ ತಾನೆ?” ಎನ್ನುತ್ತಿದ್ದ. ನೀವು ಮೀಸೆಯಡಿಯಲ್ಲಿ ನಗುತ್ತಿದ್ದಿರಿ. ಬೇಟೆಗೆ ಹೋದಾಗ ನನ್ನದು ಕ್ಯಾಂಪಿನ ಒಲೆಯ ಕೆಲಸ, ಮದ್ದಿನ ಹತ್ತಿರ ಸುಳಿಯುವಂತಿಲ್ಲ. ಲ್ಯಾಬಿನಲ್ಲಿ ಒಂದೇ ಪುಡಿಯನ್ನು ಐದೈದು ಸಲ ತೂಗಿ, ಬಾತ್ರೂಮಿಗೆ ಹೋಗಿ ಅತ್ತು ಬಂದಿದ್ದೇನೆ. ಹದಿನೆಂಟು ವರ್ಷ ಅಳೆಯುವುದನ್ನೇ ಉದ್ಯೋಗ ಮಾಡಿಕೊಂಡವಳು ಕಾಕಾ ನಾನು. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗುವಂತೆ ಮಾಡಿದಿರಿ.

ಈ ಬೇಸಿಗೆಯಲ್ಲಿ ಕಾಕಿ ಫೋನ್ ಮಾಡಿದರು. “ಗ್ಯಾರೇಜಿನ್ಯಾಗ ಆ ಮದ್ದಿನ ಡಬ್ಬಿ ನೋಡಿದ್ರ ಎದಿ ಧಸಕ್ ಅಂತದ ಶೈಲಾ. ಬಿಸಲು ಬ್ಯಾರೆ. ಬಂದು ತಗೊಂಡು ಹೋಗವಾ,” ಎಂದರು. ಮೂರು ತಾಸು ಡ್ರೈವ್ ಮಾಡಿಕೊಂಡು ಹೋದೆ. ನಿಮ್ಮ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಗಂಟು. ಒಳಗೆ ತುಂಬಿದ ಟ್ಯೂಬುಗಳು, ಒಂದಲ್ಲ, ಎರಡು. ಎರಡರ ಮೇಲೂ ನಿಮ್ಮ ಅಕ್ಷರದಲ್ಲಿ ನನ್ನ ಹೆಸರು. ನೀವು ಕೊಟ್ಟದ್ದು ಮೂರು. ನಾನು ಸುರಿದದ್ದು ಒಂದೇ.

ಹಾಗಾದರೆ ಕೋವಿ ಯಾಕೆ ಒದೆಯಿತು? ನಿಮ್ಮ ಹಿತ್ತಾಳೆಯ ಅಳತೆ ಕೊಳವೆ ಅಲ್ಲೇ ಇತ್ತು, ನೀವು ಎಂದೂ ಬಳಸದೆ ಮಿರಮಿರ ಮಿಂಚುತ್ತಿತ್ತು. ಒಂದು ಟ್ಯೂಬನ್ನು ಅದಕ್ಕೆ ಸುರಿದೆ. ತೊಂಬತ್ತರ ಗೆರೆ ದಾಟಿತು, ನೂರು ದಾಟಿತು, ನೂರಿಪ್ಪತ್ತಕ್ಕೆ ಕೊಳವೆ ತುಂಬಿ ಹೊರಗೆ ಚೆಲ್ಲಿತು. ನಿಮ್ಮ ಕೋವಿ ತಡೆಯುವುದು ನೂರರ ತನಕ, ಅದರ ಪುಸ್ತಕದಲ್ಲೇ ಬರೆದಿದೆ. ಬದಲಿ ಮದ್ದು ಹಗುರ ಕಾಕಾ, ಕರಿಮದ್ದಿನಷ್ಟೇ ಜಾಗ ತುಂಬಿದರೆ ಅಷ್ಟೇ ಜೋರು. ಅದನ್ನು ಕೊಳವೆಯಲ್ಲಿ ಅಳೆಯಬೇಕು, ತಕ್ಕಡಿಯಲ್ಲಿ ತೂಗಬಾರದು. ಡಬ್ಬಿಯ ಮೇಲೂ ಹಾಗೆಂದೇ ಅಚ್ಚಾಗಿದೆ. ಒಂದು ಕಿಲೋ ಅಕ್ಕಿ ಹಿಡಿಯುವ ಡಬ್ಬಿಗೆ ನೀವು ಒಂದು ಕಿಲೋ ಚುರುಮುರಿ ತುರುಕಿದಿರಿ. ಮೂವತ್ತು ವರ್ಷ ಟೆಲಿಕಾಂ ಎಂಜಿನಿಯರ್ ಆಗಿದ್ದವರು, ತಕ್ಕಡಿಯ ಮೇಲೆ ಅಷ್ಟೊಂದು ಭಕ್ತಿ.

ತಪ್ಪು ಯಾರಿಗೂ ಆಗುತ್ತದೆ. ಅಲ್ಲಿಗೇ ನಿಂತಿದ್ದರೆ ಈ ಕಾಗದದಲ್ಲಿ ಇಷ್ಟು ವಿಷ ಇರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ನಿಮ್ಮ ನೋಟ್‌ಬುಕ್ ಕೂಡ ಇತ್ತು. ಹೊಸ ಮದ್ದಿನ ಪುಟದಲ್ಲಿ ತೊಂಬತ್ತನ್ನು ಎರಡು ಗೆರೆ ಎಳೆದು ಹೊಡೆದುಹಾಕಿದ್ದೀರಿ. ಪಕ್ಕದಲ್ಲಿ ಅರವತ್ತೈದು, ಹಗುರ ಮದ್ದಿಗೆ ತಕ್ಕಡಿಯ ಸರಿಯಾದ ತೂಕ, ಅದರ ಕೆಳಗೆ ತಾರೀಕು. ನನಗೆ ಆಪರೇಷನ್ ಆದ ಮಾರನೆಯ ದಿನದ್ದು. ಉಳಿದವರ ಟ್ಯೂಬುಗಳನ್ನೆಲ್ಲ, ಮದ್ದಿಗೆ ತೇವ ತಗುಲಿದೆ ಎಂದು ನೆಪ ಹೇಳಿ, ವಾಪಸ್ ಪಡೆದಿರಲ್ಲ, ಅದೂ ಆಗಲೇ. ಎಲ್ಲರನ್ನೂ ಕಾಪಾಡಿದಿರಿ. ನನಗೆ ಮಾತ್ರ...

ಕಾಕಿಗೆ ಆ ಪುಟ ತೋರಿಸಿದೆ. ಅವರು ಓದಲೂ ಇಲ್ಲ. “ಅವತ್ತ ಹೇಳಿದ್ರು ನಂಗ. ಮೇಘಾನ ಮುಂದ ಮಾನ ಹೋಗ್ತದ, ಬಾಯಿ ಬಿಡಬ್ಯಾಡ ಅಂದ್ರು.”

“ನನ್ನ ಮಾನ, ಕಾಕಿ?”

“ನೀ ಸಣ್ಣಾಕಿ, ಮರೀತಿ ಅಂದ್ರು,” ಎಂದರು. ಚಹಾದ ಕಪ್ಪು ನನ್ನ ಮುಂದೆ ಸರಿಸಿ, “ಹೋದವರ ಮ್ಯಾಲ ಸಿಟ್ಟು ಬ್ಯಾಡವಾ. ಅದನ್ನ ಹರದ ಹಾಕು,” ಎಂದರು. ನಾನು ಹರಿಯಲಿಲ್ಲ. ಕಾಕಿ ಕೊಟ್ಟ ಚಹಾ ಕುಡಿದೆ, ನೋಟ್‌ಬುಕ್ ಎತ್ತಿಕೊಂಡು ಬಂದೆ.

ಮನೆಗೆ ಬಂದವಳೇ ಆ ಪುಟದ ಫೋಟೋ, ಎರಡು ಟ್ಯೂಬಿನ ಫೋಟೋ, ಏನಾಯಿತು ಎಂದು ಆರೇಳು ಸಾಲು ಬರೆದು ನಮ್ಮ ಗುಂಪಿನ ವಾಟ್ಸಾಪಿಗೆ ಹಾಕಿದೆ. ಆರು ಮನೆಯವರೂ ನೋಡಿದರು. ಮಾರನೆಯ ದಿನ ಬಂದದ್ದು ಒಂದೇ ಉತ್ತರ. ಪ್ರಸನ್ನ, “ಈಗ್ಯಾಕೆ ಶೈಲಾ ಇದೆಲ್ಲ, ಅಂಕಲ್ ದೊಡ್ಡ ಮನುಷ್ಯರು,” ಎಂದು ಬರೆದು ಕೈಮುಗಿದ ಚಿತ್ರ ಹಾಕಿದ. ಉಪ್ಪಿನ ಜೋಕು ಮಾಡಿದ್ದಕ್ಕೆ ಒಂದು ಕ್ಷಮೆ ಕೂಡ ಇಲ್ಲ. ಸತ್ತ ಮೇಲೂ ನಿಮ್ಮದೇ ನಡೆಯುತ್ತದೆ ಎಂದುಕೊಂಡು ಫೋನು ಆಚೆ ಇಟ್ಟೆ.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನು ಮುಂದಿನದು. ಮೂರನೆಯ ದಿನ ಮೇಘಾ ನಮ್ಮ ಮನೆ ಬಾಗಿಲಿಗೆ ಬಂದಳು. ಕಾರಿನ ಹಿಂದೆ ಅವಳ ಕೋವಿ. ಆ ಬೆಳಿಗ್ಗೆ ನೀವು ಅದನ್ನು ಕಿತ್ತುಕೊಂಡು, ಇನ್ನು ಮುಟ್ಟಬೇಡ ಎಂದಿರಲ್ಲ, ಅಂದಿನಿಂದ ಅವಳೂ ಕೋವಿ ಹಿಡಿದಿರಲಿಲ್ಲ. “ಟೀಚ್ ಮಿ, ಶೈಲಾ ಆಂಟಿ. ಫ್ರಮ್ ದ ಬಿಗಿನಿಂಗ್,” ಎಂದಳು. ಇಪ್ಪತ್ತಾರು ವರ್ಷದ ಹುಡುಗಿ, ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ನಿಮಗೆ ಗೊತ್ತೇ ಇದೆ. ನಾನೀಗ ಎಡಭುಜಕ್ಕೆ ಕೋವಿ ಇಟ್ಟು ಎಡಗಣ್ಣಲ್ಲಿ ಗುರಿ ನೋಡುವುದನ್ನು ಕಲಿಯುತ್ತಿದ್ದೇನೆ. ಇಬ್ಬರೂ ಕಲಿಯೋಣ ಎಂದೆ.

ನಿನ್ನೆ ಬೆಳಿಗ್ಗೆ ರೇಂಜಿಗೆ ಹೋದೆವು. ಇಬ್ಬರಿಗೂ ಗ್ಲಾಸು. ಎಂಬತ್ತು, ಕೊಳವೆಯಲ್ಲಿ ಅಳೆದದ್ದು. ನಾನೇ ಅಳೆದು ಅವಳ ಕೈಗೆ ಕೊಟ್ಟೆ. ನಳಿಗೆಯ ಬಾಯಿಯ ಹತ್ತಿರ ಒಯ್ದವಳು ಹಾಗೇ ನಿಂತಳು. “ಆವತ್ತು ಅಪ್ಪ ನಿಮ್ಮನ್ನ ಬಿಟ್ಟು ನನ್ ಹತ್ರ ಬಂದ್ರು,” ಎಂದಳು, ಕನ್ನಡದಲ್ಲಿ. “ಅವ್ರಿಗೆ ಆಗ್ಲೇ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ನಿಮ್ಮ ಮಾನ ಅಷ್ಟರಮಟ್ಟಿಗಾದರೂ ಉಳಿಯುತ್ತಿತ್ತು. ಆ ಹುಡುಗಿಯ ಮುಖ ನೋಡಿದರೆ ಹಾಗೆ ಹೇಳೋಣ ಅಂತಲೂ ಅನ್ನಿಸಿತು. ನಿಮಗೂ ಆಸ್ಪತ್ರೆಯ ಕಾರಿಡಾರಿನಲ್ಲಿ ಹೀಗೇ ಏನೋ ಅನ್ನಿಸಿರಬೇಕು.

“ಗೊತ್ತಿತ್ತು,” ಎಂದೆ.

ಅವಳು ಅಳಲಿಲ್ಲ. ನಾನು ಅಳೆದು ಕೊಟ್ಟಿದ್ದ ಮದ್ದನ್ನು ಒಂದು ಕಾಳೂ ಚೆಲ್ಲದೆ ಡಬ್ಬಿಗೆ ವಾಪಸ್ ಸುರಿದಳು. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ನೋಡಿಕೊಂಡು, ಮೊದಲಿನಿಂದ ತಾನೇ ಅಳೆದುಕೊಂಡಳು. ನನಗೆ ಒಂದಿಷ್ಟೂ ಅವಮಾನವಾಗಲಿಲ್ಲ ಕಾಕಾ.

ಶೈಲಾ