ಕೊಳೆಯದ ಊರಿನಿಂದ

ಚಾವಣಿಯೂರು,
ಬಿಸಿಲುಪಾಲಿನ ನೂರ ನಲವತ್ತನೆಯ ವರ್ಷ, ಹದಿಮೂರನೆಯ ತಿಂಗಳು

ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಅವಳ ಓರಗೆಯವರಿಗೂ,

ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ದಿನಾ ಕಾಣುವ ಎಷ್ಟೋ ವಸ್ತುಗಳಿಗೆ ನಮ್ಮಲ್ಲಿ ಪದವೇ ಉಳಿದಿಲ್ಲ. ನಾನು ಬಾಳಗಂಗಿ, ಈ ಊರಿನ ಗಂಜಿಮನೆಯಲ್ಲಿ ಬಡಿಸುವವಳು.

ಬಿಸಿಲುಪಾಲು ಎಂದರೆ ಒಬ್ಬೊಬ್ಬರಿಗೆ ದಕ್ಕುವ ಸೂರ್ಯನ ಕಸುವು; ಅದನ್ನು ಹಂಚತೊಡಗಿದಂದಿನಿಂದ ನಮ್ಮ ವರ್ಷದ ಎಣಿಕೆ. ಹೊರಗೆ ನೆಲ ಸುಡುತ್ತದೆ. ಗಾಜಿನ ಚಾವಣಿಯ ಕೆಳಗೆ ತೊಟ್ಟಿಗಳಲ್ಲಿ ಪಾಚಿ ಬೆಳೆದು, ಅದನ್ನೇ ಗಂಜಿ ಮಾಡಿ ಎರಡು ಹೊತ್ತು ಕುಡಿಯುತ್ತೇವೆ. ನಮ್ಮ ಹಿರಿಯರು ಭಾರೀ ಲೆಕ್ಕದವರು. ಹಸಿರು ಹಿಡಿದಿಟ್ಟ ಕಸುವನ್ನು ಹುಳು ತಿಂದರೆ ಹತ್ತರಲ್ಲಿ ಒಂಬತ್ತು ಪಾಲು ಅದರ ಓಡಾಟಕ್ಕೇ ಕರಗಿಹೋಗುತ್ತದೆ. ಹುಳುವನ್ನು ತಿಂದ ಮೀನಿಗೆ ಉಳಿದ ಒಂದರಲ್ಲೂ ಚೂರೇ ದಕ್ಕುತ್ತದೆ. ಹೋದ ಕಸುವು ಮತ್ತೆ ಬರುವುದಿಲ್ಲ. ಹಾಗಿದ್ದ ಮೇಲೆ ನಡುವೆ ಇವರೆಲ್ಲ ಏಕೆ ಎಂದರು. ಮೊದಲು ಮೀನು ಹೋಯಿತು, ಕೋಳಿ ಹೋಯಿತು. ಆಮೇಲೆ ಎರೆಹುಳು, ಅಣಬೆ, ಕಣ್ಣಿಗೆ ಕಾಣದ ಜೀವಾಣುಗಳು. ಇವಕ್ಕೆಲ್ಲ ಬಿಟ್ಟಿತಿನ್ನಿಗಳೆಂದು ಹೆಸರಿಟ್ಟು ಮಣ್ಣಿಗೆ, ಕೊನೆಗೆ ನಮ್ಮ ಹೊಟ್ಟೆಯೊಳಗಿನವೂ ಸಾಯಲೆಂದು ಗಂಜಿಗೂ ಮದ್ದು ಬೆರೆಸಿದರು. ಆ ಬುದ್ಧಿವಂತರನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈಗ ನಮ್ಮಲ್ಲಿ ಏನೂ ಕೊಳೆಯುವುದಿಲ್ಲ. ಪಾಚಿಯ ಗಸಿ ಗುಡ್ಡೆಗುಡ್ಡೆಯಾಗಿ ಬಿದ್ದಿದೆ. ಅಪ್ಪನ ಪಕ್ಕದಲ್ಲಿ ಅವ್ವನನ್ನು ಮಣ್ಣು ಮಾಡಲು ಅಗೆದಾಗ, ಅಷ್ಟು ವರ್ಷವಾದರೂ ಅವನ ಕೆನ್ನೆ ಹಾಗೇ ಇತ್ತು. ಸಾರವೆಲ್ಲ ಆ ಗುಡ್ಡೆಗಳಲ್ಲಿ, ಆ ಗೋರಿಗಳಲ್ಲಿ ಸಿಕ್ಕಿಕೊಂಡು ಕೂತಿದೆ. ಬಿಸಿಲು ಬೇಕಾದಷ್ಟಿದ್ದರೂ ಪಾಚಿ ಬಿಳಿಚಿಕೊಳ್ಳುತ್ತಿದೆ; ಸತ್ತದ್ದನ್ನು ಗೊಬ್ಬರ ಮಾಡಿಕೊಡುತ್ತಿದ್ದವರನ್ನೇ ಕೊಂದೆವಲ್ಲ. ವರ್ಷದಿಂದ ವರ್ಷಕ್ಕೆ ನನ್ನ ಸೌಟು ಚಿಕ್ಕದಾಗುತ್ತಿದೆ.

ನನ್ನ ತಂಗಿ ನೀಲವ್ವ ಚಾವಣಿಯಾಚೆ ಬಿಸಿಲು ತಾಕದ ಬಂಡೆಯ ಸಂದಿನಲ್ಲಿ ಒಂದು ಬೊಗಸೆ ಮಣ್ಣು ಕಂಡಳು. ಅದರಲ್ಲಿ ಹುಳು ಮಿಸುಕುತ್ತಿತ್ತು. ತಂದು ಹಳೆಯ ತೊಟ್ಟಿಯೊಂದರಲ್ಲಿ ಹಾಕಿ, ಮದ್ದು ಬೆರೆಸುವ ಮುನ್ನವೇ ತನ್ನ ಪಾಲಿನ ಪಾಚಿಯನ್ನು ಹಸಿಯಾಗಿ ಪಡೆದು, ಅರ್ಧ ತಾನು ತಿಂದು ಅರ್ಧ ಅದಕ್ಕೆ ಹಾಕತೊಡಗಿದಳು. ಈಗಿನ ಊರ ಹಿರಿಯರು ನಕ್ಕರು. ನಾನೂ ಬೈದೆ.

"ಏ ಹುಚ್ಚಿ, ಮೊದಲ ನೀ ಉಣ್ಣು."

"ಅವೂ ಉಣಬೇಕಲ್ಲಕ್ಕಾ. ಅವು ಉಂಡ್ರನ ನಾಳೆ ನಿನ್ನ ಸೌಟಿಗೆ ಏನರ ಬರತೈತಿ."

ತೊಟ್ಟಿಯ ತಳ ಮೆಲ್ಲಗೆ ಕಪ್ಪು ಮಣ್ಣಿನಿಂದ ತುಂಬಿತು, ಅವಳು ಮೆಲ್ಲಗೆ ಸೊರಗಿದಳು. ಹೋದ ತಿಂಗಳು ತೀರಿಕೊಂಡಳು. ಗೋರಿಯೊಳಗ ಇಡಬ್ಯಾಡ, ನನ್ನ ತೊಟ್ಟಿಗೇ ಹಾಕು ಎಂದಿದ್ದಳು. ಹಿರಿಯರು ಬಿಲ್‌ಕುಲ್ ಆಗದು ಎಂದರು. ನಾನು ಸೌಟು ಕೆಳಗಿಟ್ಟು ಕೂತುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹಸಿವು ಅವರನ್ನು ಒಪ್ಪಿಸಿತು.

ನಿಮ್ಮನ್ನು ಬೇಡುವುದಿಷ್ಟೇ. ಮನೆಯ ಹಿಂದೆ ತಿಪ್ಪೆಯಿದ್ದರೆ ಅದನ್ನು ಉಳಿಸಿಕೊಳ್ಳಿ. ಅಲ್ಲಿ ಉಣ್ಣುತ್ತಿರುವವರ ಪಾಲನ್ನು ಲೆಕ್ಕ ಹಾಕಲು ಹೋಗಬೇಡಿ. ನಮಗೆ ಉಳಿದಿರುವುದು ಒಂದೇ ತೊಟ್ಟಿ; ಅದು ಊರಿಗೆ ಸಾಕಾದೀತೆಂಬ ನಂಬಿಕೆ ನನಗಿಲ್ಲ.

ಈ ಬೆಳಿಗ್ಗೆ ನೀಲವ್ವನ ಮೇಲೆ ಮುಚ್ಚಿದ್ದ ಹಲಗೆ ಸರಿಸಿದೆ. ನಾತ ಬಂತು. ಹುಟ್ಟಿದಾಗಿನಿಂದ ನಾನು ಅಂಥದ್ದನ್ನು ಮೂಸಿದವಳಲ್ಲ. ನಮ್ಮ ನೀಲವ್ವ ಕೊಳೆಯುತ್ತಿದ್ದಳು. ಅಳುತ್ತಲೇ ಊರವರನ್ನು ಕರೆದೆ. ಒಬ್ಬೊಬ್ಬರಾಗಿ ಬಂದು ತೊಟ್ಟಿಯ ಮೇಲೆ ಬಗ್ಗಿ ನಿಂತರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.